ಕಿರಿದಾದ ಜಠರಕ್ಕೆ ತಕ್ಕ ಬುತ್ತಿ

ಮಧ್ಯಾಹ್ನದ ಗಂಟೆ ಬಾರಿಸಿದೆ. ಪ್ರೌಢಶಾಲೆಯೊಂದರ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಬುತ್ತಿಯ ಡಬ್ಬಿಗಳನ್ನು ಬಿಚ್ಚಿದ್ದಾರೆ. ಅವರಲ್ಲೊಬ್ಬರು ಮೂರು ತಿಂಗಳ ಹಿಂದೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಕೆಲಸಕ್ಕೆ ಮರಳಿದವರು. ಮನೆಯಿಂದ ತಂದ ಸಾರನ್ನವನ್ನು ಏಳೆಂಟು ತುತ್ತು ಉಣ್ಣುವಷ್ಟರಲ್ಲಿ ಅವರ ಹೊಟ್ಟೆ ತುಂಬಿಹೋಯಿತು. "ಇಷ್ಟೇನೆ? ಇನ್ನೆರಡು ತುತ್ತು ತೆಗೆದುಕೊಳ್ಳಿ ಮೇಷ್ಟ್ರೇ" ಎಂದು ಪಕ್ಕದವರು ಒತ್ತಾಯಿಸಿದರು.

ಈ ಸನ್ನಿವೇಶ ಕಲ್ಪಿತ. ಆದರೆ ಇದರಲ್ಲಿ ಅಡಗಿರುವ ಪ್ರಶ್ನೆ ನಿಜವಾದುದು. ಮೇಷ್ಟ್ರ ಹೊಟ್ಟೆಯೇನೋ ತುಂಬಿತು. ಅವರ ದೇಹಕ್ಕೆ ಬೇಕಾದುದು ದೊರೆಯಿತೆ? ಇದಕ್ಕೆ ಉತ್ತರ ಕೊಡಲು ಸ್ವಲ್ಪ ಶರೀರಶಾಸ್ತ್ರ, ಸ್ವಲ್ಪ ಭೌತಶಾಸ್ತ್ರ ಮತ್ತು ಹೆಚ್ಚಾಗಿ ಸರಳವಾದ ಅಂಕಗಣಿತ ಬೇಕಾಗುತ್ತವೆ.

ಜಠರ ಕಿರಿದಾಗುವ ಬಗೆ

ವಯಸ್ಕನ ಜಠರವು ಊಟದ ವೇಳೆಗೆ ಹಿಗ್ಗಿ ಸುಮಾರು ಒಂದರಿಂದ ಒಂದೂವರೆ ಲೀಟರಿನಷ್ಟನ್ನು ಹಿಡಿಸಿಕೊಳ್ಳಬಲ್ಲ ಚೀಲ. ತೀವ್ರ ಸ್ಥೂಲತೆಯಿಂದ ಬಳಲುವವರಿಗೆ ಈ ಚೀಲವನ್ನು ಕಿರಿದುಗೊಳಿಸುವ ಹಲವು ಶಸ್ತ್ರಚಿಕಿತ್ಸೆಗಳುಂಟು. ಹಿಂದೆ ಹುಣ್ಣಿನ ಬೇನೆಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ತೂಕ ಕಳೆದುಕೊಳ್ಳುತ್ತಿದ್ದುದನ್ನು ವೈದ್ಯರು ಕಂಡಿದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೋ ಎಂಬ ಶಸ್ತ್ರವೈದ್ಯರು ೧೯೬೬ರಲ್ಲಿ ಇದನ್ನೇ ಸ್ಥೂಲತೆಯ ಚಿಕಿತ್ಸೆಗೆ ಅಳವಡಿಸಿದರು. ಅವರ ವಿಧಾನದಿಂದ ಬೆಳೆದು ಬಂದ 'ಗ್ಯಾಸ್ಟ್ರಿಕ್ ಬೈಪಾಸ್' ಕ್ರಮದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು ೩೦ ಮಿಲಿಲೀಟರಿನ ಪುಟ್ಟ ಚೀಲವೊಂದನ್ನು ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. 'ಸ್ಲೀವ್' ಎಂಬ ಇನ್ನೊಂದು ಕ್ರಮದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದುದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಹಸಿವನ್ನು ಪ್ರಚೋದಿಸುವ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಹೀಗೆ ತೆಗೆದುಹಾಕಿದ ಭಾಗದಲ್ಲಿಯೇ. ಆದುದರಿಂದ ಹಸಿವೂ ಕುಗ್ಗುತ್ತದೆ.

ಮೊದಲ ಕೆಲವು ವಾರ ರೋಗಿಗೆ ದ್ರವಾಹಾರ, ಅನಂತರ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತನೆಯ ಆಹಾರ. ಸಾಮಾನ್ಯ ಆಹಾರಕ್ಕೆ ವೈದ್ಯರು ಅನುಮತಿ ಕೊಟ್ಟ ಮೇಲೆಯೇ ಬುತ್ತಿಯ ಮಾತು. ಆಗಲೂ ಒಂದು ಹೊತ್ತಿಗೆ ಹಿಡಿಸುವುದು ಅರ್ಧ ಬಟ್ಟಲು, ಹೆಚ್ಚೆಂದರೆ ಒಂದು ಬಟ್ಟಲು.

ಕುಗ್ಗದ ಅವಶ್ಯಕತೆ

ಜಠರ ಕುಗ್ಗಿತೆಂದು ದೇಹಕ್ಕೆ ಬೇಕಾದ ಪ್ರೋಟೀನು ಕುಗ್ಗುವುದಿಲ್ಲ. ಇಡೀ ವಿಷಯದ ತಿರುಳು ಇದೇ. ಸ್ನಾಯು, ರಕ್ತ, ಚರ್ಮ, ಕಿಣ್ವಗಳು ಎಲ್ಲವೂ ಪ್ರೋಟೀನನ್ನು ಅವಲಂಬಿಸಿವೆ. ೧೮೩೮ರಲ್ಲಿ ಬಳಕೆಗೆ ಬಂದ ಈ ಹೆಸರು 'ಪ್ರಥಮ ಸ್ಥಾನದ್ದು' ಎಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ಕನ್ನಡದಲ್ಲಿ ಇದನ್ನು ಸಸಾರಜನಕವೆಂದೂ ಕರೆಯುವುದುಂಟು.

ಹೆಚ್ಚಾದ ಕೊಬ್ಬನ್ನು ದೇಹ ಕೂಡಿಡಬಲ್ಲುದು. ಪ್ರೋಟೀನಿಗೆ ಅಂತಹ ಉಗ್ರಾಣವಿಲ್ಲ. ಆಹಾರದಲ್ಲಿ ಅದು ಸಾಲದೆಹೋದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ತೂಕ ವೇಗವಾಗಿ ಇಳಿಯುವಾಗ ಈ ಅಪಾಯ ಅಧಿಕ. ತೂಕದ ಯಂತ್ರದ ಮುಳ್ಳು ಕೆಳಗಿಳಿದುದನ್ನು ಕಂಡು ಎಲ್ಲರೂ ಸಂತೋಷಪಡಬಹುದು. ಇಳಿದುದು ಕೊಬ್ಬೋ ಸ್ನಾಯುವೋ ಎಂಬುದನ್ನು ಮುಳ್ಳು ಹೇಳಲಾರದು. ಆದುದರಿಂದಲೇ ಇಂತಹವರಿಗೆ ದಿನಕ್ಕೆ ಕನಿಷ್ಠ ೬೦ ಗ್ರಾಂ ಪ್ರೋಟೀನು ಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಪ್ರತಿಯೊಬ್ಬರ ನಿಖರವಾದ ಪ್ರಮಾಣವನ್ನು ಅವರವರ ವೈದ್ಯರೇ ಗೊತ್ತುಮಾಡುತ್ತಾರೆ.

ಬುತ್ತಿಯ ಲೆಕ್ಕ

ಈಗ ಮೇಷ್ಟ್ರ ಡಬ್ಬಿಗೆ ಮರಳೋಣ. ಅವರಿಗೆ ಹಿಡಿಸುವುದು ೧೨೦ ಗ್ರಾಂ ಎಂದಿಟ್ಟುಕೊಳ್ಳಿ. ಬೆಂದ ಅನ್ನದಲ್ಲಿ ೧೦೦ ಗ್ರಾಂಗೆ ಇರುವ ಪ್ರೋಟೀನು ಸುಮಾರು ಎರಡೂವರೆ ಗ್ರಾಂ. ಇಡೀ ೧೨೦ ಗ್ರಾಂ ಅನ್ನವೇ ಆದರೂ ದೊರೆಯುವುದು ೩ ಗ್ರಾಂ. ತಿಳಿಸಾರು ಬೆರೆತರೆ ಅದಕ್ಕಿಂತಲೂ ಕಡಿಮೆ. ಅರುವತ್ತರಲ್ಲಿ ಮೂರು ಕಳೆದರೆ ಉಳಿದ ಐವತ್ತೇಳನ್ನು ತುಂಬಿಕೊಡುವವರಾರು?

ಇಲ್ಲಿ ಗಮನಿಸಬೇಕಾದುದು ಪ್ರೋಟೀನಿನ ಸಾಂದ್ರತೆ, ಎಂದರೆ ೧೦೦ ಗ್ರಾಂ ಆಹಾರದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬುದು. ಒಣ ಹೆಸರುಕಾಳಿನಲ್ಲಿ ಇದು ಸುಮಾರು ೨೩ ಗ್ರಾಂ. ಆದರೆ ಕಾಳು ಬೇಯುವಾಗ ನೀರು ಕುಡಿದು ಮೂರು ಪಟ್ಟು ತೂಗುತ್ತದೆ. ಬೆಂದ ಕಾಳಿನಲ್ಲಿ ಸಾಂದ್ರತೆ ಏಳೆಂಟು ಗ್ರಾಂಗೆ ಇಳಿಯುತ್ತದೆ. ಪ್ರೋಟೀನು ಎಲ್ಲಿಗೂ ಹೋಗಲಿಲ್ಲ, ನೀರು ಬಂದು ಸೇರಿತು ಅಷ್ಟೆ. ದೊಡ್ಡ ಜಠರಕ್ಕೆ ಈ ನೀರು ಲೆಕ್ಕಕ್ಕಿಲ್ಲ. ಚಿಕ್ಕ ಜಠರದಲ್ಲಿ ಅದು ಪ್ರೋಟೀನಿನ ಸ್ಥಳವನ್ನು ಆಕ್ರಮಿಸುತ್ತದೆ. ಇದಕ್ಕೆ ವಿರುದ್ಧವಾದ ಉಪಾಯವೂ ಉಂಟು. ೨೦೦ ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರು ಬಸಿದು ೧೦೦ ಗ್ರಾಂಗೆ ಇಳಿಸಿದರೆ, ಪ್ರೋಟೀನಿನ ಬಹುಭಾಗ ಗಟ್ಟಿ ಮೊಸರಿನಲ್ಲಿಯೇ ಉಳಿದು ಸಾಂದ್ರತೆ ೩ ಗ್ರಾಂನಿಂದ ೫ ಗ್ರಾಂಗೆ ಏರುತ್ತದೆ.

ಪನೀರಿನಲ್ಲಿ ೧೦೦ ಗ್ರಾಂಗೆ ಸುಮಾರು ೧೮ ಗ್ರಾಂ ಪ್ರೋಟೀನು ಉಂಟು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ೬ ಗ್ರಾಂ. ಮೂಳೆಯಿಲ್ಲದ ಬೆಂದ ಕೋಳಿಯ ಎದೆಯ ಮಾಂಸದಲ್ಲಿ ೧೦೦ ಗ್ರಾಂಗೆ ಸುಮಾರು ೩೦ ಗ್ರಾಂ. ಈ ಅಂಕಿಗಳಿಂದ ಮೇಷ್ಟ್ರಿಗೆ ಎರಡು ಪುಟ್ಟ ಡಬ್ಬಿಗಳನ್ನು ಸಿದ್ಧಪಡಿಸೋಣ.

ಮಧ್ಯಾಹ್ನದ ಡಬ್ಬಿ: ಮೆತ್ತಗಿನ ಪನೀರು ೬೦ ಗ್ರಾಂ, ಚೆನ್ನಾಗಿ ಬೆಂದ ಹೆಸರುಕಾಳಿನ ಉಸಲಿ ೫೦ ಗ್ರಾಂ. ಪ್ರೋಟೀನು ಸುಮಾರು ೧೪ ಗ್ರಾಂ. ಮಾಂಸಾಹಾರಿಗಳು ಪನೀರಿನ ಬದಲು ಎಳೆಎಳೆಯಾಗಿ ಬಿಡಿಸಿದ ೫೦ ಗ್ರಾಂ ಕೋಳಿಮಾಂಸವನ್ನು ಗಸಿಯೊಡನೆ ಇಡಬಹುದು. ಒಣಗಿದ ಮಾಂಸ ಇಂತಹವರ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ಬಾಧಿಸುವುದರಿಂದ ಅದು ತೇವವಾಗಿರಬೇಕು.

ಸಂಜೆ ನಾಲ್ಕು ಗಂಟೆಯ ಡಬ್ಬಿ: ಬಸಿದ ಮೊಸರು ೧೦೦ ಗ್ರಾಂ, ಅದರಲ್ಲಿ ಕಲಸಿದ ಹುರಿಗಡಲೆಯ ಪುಡಿ ೨೦ ಗ್ರಾಂ, ಚಿಟಿಕೆ ಉಪ್ಪು, ಜೀರಿಗೆ. ಪ್ರೋಟೀನು ಸುಮಾರು ೯ ಗ್ರಾಂ.

ಎರಡೂ ಸೇರಿ ೨೩ ಗ್ರಾಂ. ಉಳಿದುದನ್ನು ಬೆಳಗಿನ ತಿಂಡಿ, ರಾತ್ರಿಯ ಊಟ ಮತ್ತು ಹಾಲಿನಿಂದ ತುಂಬಬಹುದು. ಒಂದೇ ಹೊತ್ತಿಗೆ ಹಿಡಿಸದುದನ್ನು ಎರಡು ಹೊತ್ತಿಗೆ ಹಂಚಿದೆವು. ಅನ್ನವನ್ನು ಬಹಿಷ್ಕರಿಸಲಿಲ್ಲ, ಪ್ರೋಟೀನನ್ನು ಮೊದಲ ಪಂಕ್ತಿಗೆ ಕೂರಿಸಿದೆವು. ಸ್ಥಳ ಉಳಿದರೆ ಎರಡು ತುತ್ತು ಅನ್ನವೂ ಬರಲಿ.

ಡಬ್ಬಿಯೊಳಗಿನ ಶಾಖ

ಪ್ರೋಟೀನು ಹೇರಳವಾಗಿರುವ ತೇವದ ಆಹಾರ ನಮಗೆ ಹೇಗೋ ಹಾಗೆಯೇ ಬ್ಯಾಕ್ಟೀರಿಯಗಳಿಗೂ ಪ್ರಿಯ. ೫ರಿಂದ ೬೦ ಡಿಗ್ರಿ ಸೆಲ್ಸಿಯಸ್ ನಡುವೆ ಅವು ವೃದ್ಧಿಯಾಗುತ್ತವೆ. ಅನುಕೂಲ ಸ್ಥಿತಿಯಲ್ಲಿ ಕೆಲವು ಜಾತಿಗಳು ೨೦ ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಮೂರು ಗಂಟೆಯಲ್ಲಿ ಒಂಬತ್ತು ಸಲ ಇಮ್ಮಡಿಸಿದರೆ ಒಂದು ಜೀವಿ ೫೧೨ ಆಗುತ್ತದೆ! ಬೇಯಿಸಿದ ಆಹಾರವನ್ನು ಕೊಠಡಿಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬ ನಿಯಮಕ್ಕೆ ಇದೇ ಕಾರಣ. ಕಡು ಬೇಸಗೆಯಲ್ಲಿ ಈ ಅವಧಿ ಒಂದೇ ಗಂಟೆ.

ಬೆಳಗ್ಗೆ ಎಂಟಕ್ಕೆ ಮನೆ ಬಿಡುವವರು ಏನು ಮಾಡಬೇಕು? ರಾತ್ರಿಯೇ ಪುಟ್ಟ ಶೀಸೆಯೊಂದರಲ್ಲಿ ೨೦೦ ಗ್ರಾಂ ನೀರನ್ನು ಹೆಪ್ಪುಗಟ್ಟಿಸಿ, ಚೆನ್ನಾಗಿ ತಣಿಸಿದ ಡಬ್ಬಿಗಳ ಜೊತೆಗೆ ಶಾಖನಿರೋಧಕ ಚೀಲದಲ್ಲಿ ಇಡಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು ೮೦ ಕ್ಯಾಲೊರಿ ಶಾಖವನ್ನು ಹೀರುತ್ತದೆ. ೨೦೦ ಗ್ರಾಂ ಹೀರುವುದು ೧೬,೦೦೦ ಕ್ಯಾಲೊರಿ. ೮೦೦ ಗ್ರಾಂ ನೀರನ್ನು ೨೦ ಡಿಗ್ರಿಯಷ್ಟು ತಣಿಸಲು ಇಷ್ಟು ಸಾಕು. ಹೊರಗಿನಿಂದ ನುಗ್ಗುವ ಶಾಖವನ್ನು ಮಂಜುಗಡ್ಡೆ ಹೀಗೆ ನುಂಗುತ್ತಿದ್ದರೆ ಆಹಾರ ತಂಪಾಗಿಯೇ ಉಳಿಯುತ್ತದೆ. ಕರಗಿದ ನೀರು ಕುಡಿಯಲೂ ಒದಗುತ್ತದೆ. ಬಿಸಿ ಪದಾರ್ಥಕ್ಕಾದರೆ, ೧೮೯೨ರಲ್ಲಿ ಜೇಮ್ಸ್ ಡ್ಯೂಅರ್ ನಿರ್ಮಿಸಿದ ನಿರ್ವಾತ ಪಾತ್ರೆಯ ಸಂತತಿಯಾದ ಫ್ಲಾಸ್ಕು ಇದೆ. ಅದಕ್ಕೆ ಮೊದಲು ಕುದಿನೀರು ಹೊಯ್ದು ಕಾಯಿಸಿ ಚೆಲ್ಲಿ, ಆಮೇಲೆ ಕುದಿಯುತ್ತಿರುವ ಆಹಾರವನ್ನು ತುಂಬಬೇಕು.

ಉಣ್ಣುವ ಕ್ರಮ

ತುತ್ತು ಚಿಕ್ಕದಾಗಿರಲಿ, ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಊಟದ ನಡುವೆ ನೀರು ಕುಡಿಯದೆ, ಮುಗಿದ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಕುಡಿಯುವುದು ಕ್ರಮ. ಸಿಹಿತಿಂಡಿ ಮತ್ತು ಸಕ್ಕರೆಯ ಪಾನಕಗಳು ವರ್ಜ್ಯ. ಬೈಪಾಸ್ ಆದವರಲ್ಲಿ ಸಕ್ಕರೆ ತಡೆಯಿಲ್ಲದೆ ಕರುಳಿಗಿಳಿದು, ಪರಾಸರಣದಿಂದ ನೀರನ್ನು ಸೆಳೆಯುತ್ತದೆ. ಎದೆಬಡಿತ, ಬೆವರು, ಹೊಟ್ಟೆನುಲಿತ ಉಂಟಾಗುತ್ತವೆ. ಇದಕ್ಕೆ 'ಡಂಪಿಂಗ್' ಎಂದು ಹೆಸರು.

ಬುತ್ತಿ ಎಷ್ಟೇ ಉತ್ತಮವಾಗಿದ್ದರೂ ವೈದ್ಯರು ಹೇಳಿದ ಜೀವಸತ್ವ, ಕಬ್ಬಿಣ ಮತ್ತು ಸುಣ್ಣದ ಗುಳಿಗೆಗಳನ್ನು ಬಿಡುವಂತಿಲ್ಲ. ಪದೇ ಪದೇ ವಾಂತಿಯಾದರೆ ಥಯಮಿನ್ ಎಂಬ ಜೀವಸತ್ವದ ಕೊರತೆಯಿಂದ ನರಗಳಿಗೂ ಮೆದುಳಿಗೂ ಹಾನಿ ತಟ್ಟಬಹುದು. ಕೂಡಲೆ ವೈದ್ಯರನ್ನು ಕಾಣಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹವರು ಇರಬಹುದು. ಈ ಬುತ್ತಿ ಅವರಿಗಾಗಿ. ಬೆಳೆಯುವ ವಯಸ್ಸಿನ ನೀವು ಇದನ್ನು ಅನುಕರಿಸಬೇಕಾಗಿಲ್ಲ. ಆದರೆ "ಇನ್ನೆರಡು ತುತ್ತು" ಎಂಬ ಒತ್ತಾಯ ಅವರಿಗೆ ಉಪಚಾರವಲ್ಲವೆಂಬುದನ್ನು ನೀವು ಇತರರಿಗೆ ತಿಳಿಸಿಹೇಳಬಲ್ಲಿರಿ. ಅವರೊಡನೆ ಕುಳಿತು, ಅವರಷ್ಟೇ ನಿಧಾನವಾಗಿ ಉಣ್ಣುವುದೇ ಅವರಿಗೆ ಸಲ್ಲಿಸುವ ನಿಜವಾದ ಉಪಚಾರ.

ಅಭ್ಯಾಸ

೧. ಒಣ ಹೆಸರುಕಾಳು ೩೦ ಗ್ರಾಂ ಬೆಂದು ೯೦ ಗ್ರಾಂ ಆಯಿತು. ಅದರಲ್ಲಿರುವ ಪ್ರೋಟೀನು ಎಷ್ಟು?

೨. ೧೫೦ ಗ್ರಾಂ ಮಂಜುಗಡ್ಡೆ ಕರಗುವಾಗ ಹೀರುವ ಶಾಖವೆಷ್ಟು?

ಉತ್ತರ: ೧. ೬.೯ ಗ್ರಾಂ. ೨. ೧೨,೦೦೦ ಕ್ಯಾಲೊರಿ.