ನೂರಕ್ಕೆ ಅರುವತ್ತು

ಎಕೋ ಪರೀಕ್ಷೆಯ ವರದಿಯಲ್ಲಿ ‘ಇ.ಎಫ್. 60’ ಎಂಬ ಬರಹವನ್ನು ಕಂಡೊಡನೆಯೇ, ಅದನ್ನು ಶಾಲೆಯ ಅಂಕಪಟ್ಟಿಯಂತೆ ಓದಿ, ಹೃದಯದ ನಲವತ್ತು ಪಾಲು ಕೆಟ್ಟುಹೋಯಿತೆಂದು ಕಂಗೆಡುವವರು ಉಂಟು. ಎಡ ಹೃತ್ಕುಕ್ಷಿಯು ತುಂಬಿ ನಿಂತಾಗ ಅದರಲ್ಲಿ 120 ಮಿಲಿಲೀಟರು ರಕ್ತವಿದ್ದು, ಒಂದು ಸಂಕೋಚನದಲ್ಲಿ 72 ಮಿಲಿಲೀಟರು ಹೊರಬಿದ್ದರೆ, ಆ ಪ್ರಮಾಣವೇ ಇ.ಎಫ್. (ಇಜೆಕ್ಷನ್ ಫ್ರಾಕ್ಷನ್), ಇಲ್ಲಿ ನೂರಕ್ಕೆ ಅರುವತ್ತು. ಒಂದೇ ಬಡಿತಕ್ಕೆ ಪೂರ್ಣವಾಗಿ ಬರಿದಾಗುವ ಹೃದಯವು ಯಾವ ಆರೋಗ್ಯಶಾಲಿಯ ಎದೆಯಲ್ಲಿಯೂ ಇಲ್ಲ. ಸುಮಾರು 55ರಿಂದ 70ರವರೆಗೆ ಸಹಜವೆಂದೇ ಗಣನೆ. 40 ಅಥವಾ ಅದಕ್ಕೂ ಕೆಳಗಿಳಿದರೆ ಮಾತ್ರ ಪಂಪಿನ ಶಕ್ತಿ ಸ್ಪಷ್ಟವಾಗಿ ಕುಂದಿತೆನ್ನುವರು.

1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರು, ಲೋಹದೊಳಗಿನ ದೋಷಗಳನ್ನು ಹುಡುಕುವ ಯಂತ್ರವೊಂದನ್ನು ಎರವು ತಂದು ಮನುಷ್ಯನ ಎದೆಗೆ ಹಿಡಿದಂದಿನಿಂದ ಎಕೋ ಪರೀಕ್ಷೆಯ ವಿದ್ಯೆಯು ಬಹುದೂರ ಸಾಗಿಬಂದಿದೆಯಾದರೂ, ಹೃತ್ಕುಕ್ಷಿಯ ಒಳಅಂಚನ್ನು ಗೆರೆಯೆಳೆದು ಅಳೆಯುವ ಕಾರ್ಯದಲ್ಲಿ ಪರೀಕ್ಷಕನ ಕಣ್ಣು ಕೈಗಳ ಪಾಲು ಇನ್ನೂ ಇರುವುದರಿಂದ, ಹೋದ ವರ್ಷ 60 ಇದ್ದುದು ಈ ವರ್ಷ 56 ಆದರೆ ಅದನ್ನು ಹೃದಯದ ಕುಸಿತವೆಂದು ಎಣಿಸಲಾಗದು. ಅಂಕೆ ಚೆನ್ನಾಗಿದೆಯೆಂದು ಮೈಮರೆಯುವುದೂ ಸಲ್ಲದು: ಹಿಂಡುವ ಬಲವಿದ್ದೂ, ಸ್ನಾಯು ಬಿರುಸಾಗಿ, ಸಡಿಲಿ ತುಂಬಿಕೊಳ್ಳಲಾರದ ಹೃದಯವೂ ಸೋಲುತ್ತದೆ. ಮೆಟ್ಟಿಲೇರುವಾಗ ಏದುಸಿರು, ಸಂಜೆಗೆ ಪಾದದ ಬಾವು ಇದ್ದರೆ ವೈದ್ಯರಿಗೆ ತಿಳಿಸಿರಿ. ಹೋಗುವಾಗ ಹಳೆಯ ವರದಿಯನ್ನೂ ಮರೆಯದೆ ಕೊಂಡೊಯ್ಯಿರಿ.