ಬೇಗ ಮುಗಿಸುವ ಮಗುವಿಗೆ ಇನ್ನಷ್ಟು ಲೆಕ್ಕ ಬೇಡ

ಮೂರನೇ ತರಗತಿಯ ಮಗು ಇಪ್ಪತ್ತು ಗುಣಾಕಾರಗಳನ್ನು ಐದೇ ನಿಮಿಷದಲ್ಲಿ ಮುಗಿಸಿ ಎದ್ದುಬಿಟ್ಟರೆ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಇನ್ನೂ ಇಪ್ಪತ್ತು ಲೆಕ್ಕ ಕೊಡುತ್ತೇವೆ, ಇಲ್ಲವೇ ನಾಲ್ಕನೇ ತರಗತಿಯ ಪುಸ್ತಕ ತಂದು ಮುಂದಿಡುತ್ತೇವೆ. ಮೊದಲನೆಯದು ಬೇಗ ಮುಗಿಸಿದ್ದಕ್ಕೆ ಕೊಟ್ಟ ಶಿಕ್ಷೆ. ಎರಡನೆಯದರಿಂದ ಮುಂದಿನ ವರ್ಷ ಅದೇ ಪಾಠಕ್ಕೆ ಕೂತಾಗ ಮಗುವಿನ ಬೇಸರ ಇಮ್ಮಡಿಯಾಗುತ್ತದೆ. ಇಂಥ ಮಗುವಿಗೆ ಬೇಕಿರುವುದು ತಟ್ಟನೆ ಉತ್ತರ ಹೊಳೆಯದ ಪ್ರಶ್ನೆ ಮತ್ತು ಆ ಪ್ರಶ್ನೆಯ ಜೊತೆ ಕೂರಲು ಯಾರೂ ಅವಸರಪಡಿಸದ ಹೊತ್ತು. ಎರಡನ್ನೂ ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ಒದಗಿಸಬಹುದು. ಪೂರ್ತಿ ಮನೆಯಲ್ಲೇ ಕಲಿಯುವ ಮಕ್ಕಳಿಗೂ, ಶಾಲೆಗೆ ಹೋಗಿ ಬಂದು ಸಂಜೆ ಮತ್ತು ರಜೆಯಲ್ಲಿ ಬಿಡುವು ಸಿಗುವ ಮಕ್ಕಳಿಗೂ ಮುಂದಿನ ಹೆಜ್ಜೆಗಳು ಹೊಂದುತ್ತವೆ. ಆರರಿಂದ ಹನ್ನೊಂದು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಎರಡು ವಾರ ಸುಮ್ಮನೆ ಗಮನಿಸಿ

ಹೊಸದೇನನ್ನೂ ಶುರು ಮಾಡಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಗು ಕೇಳುವ ಪ್ರಶ್ನೆಗಳನ್ನು ಅದರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡಿ. ಯಾವ ವಿಷಯಕ್ಕೆ ಮತ್ತೆ ಮತ್ತೆ ಮರಳುತ್ತದೆ, ಊಟಕ್ಕೆ ಕರೆದರೂ ಏಳದೆ ಯಾವ ಕೆಲಸದಲ್ಲಿ ಮುಳುಗಿರುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಐಕ್ಯೂ ಪರೀಕ್ಷೆಗೆ ಓಡುವ ಅವಸರ ಬೇಡ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಇಂಥ ಪರೀಕ್ಷೆಗಳ ಮೂಲಕ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ ದಶಕಗಳ ಕಾಲ ಅಧ್ಯಯನ ನಡೆಸಿದರು. ಅಲ್ಲಿ ಅಂಕ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ರೆಂಜುಲಿ 1978ರಲ್ಲಿ ಪ್ರತಿಭೆಯನ್ನು ಮೂರು ಗುಣಗಳ ಕೂಡುವಿಕೆಯಾಗಿ ವಿವರಿಸಿದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಛಲ. ಮೂರನೆಯದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಮನೆಯವರ ಕಣ್ಣಿಗೆ ಮಾತ್ರ ಬೀಳುತ್ತದೆ.

ಇನ್ನೊಂದು ಸಂಗತಿ ತಂದೆತಾಯಿಯರನ್ನು ಗೊಂದಲಕ್ಕೆ ಕೆಡವುತ್ತದೆ. ಏಳು ವರ್ಷದ ಮಗು ಹತ್ತರವರಂತೆ ವಾದ ಮಾಡಿ, ಮರುಕ್ಷಣವೇ ಪೆನ್ಸಿಲ್ ಮುರಿಯಿತೆಂದು ಐದರವರಂತೆ ಅಳಬಹುದು. ತಲೆ ಓಡಿದಷ್ಟು ವೇಗವಾಗಿ ಅದರ ಕೈ ಬರೆಯಲಾರದು. ಅಂಥ ಮಕ್ಕಳಿಗೆ ಬಾಯಲ್ಲಿ ಹೇಳಲು ಬಿಡಿ, ನೀವು ಬರೆದುಕೊಳ್ಳಿ. ಅಕ್ಷರ ದುಂಡಾಗಿಸುವ ಅಭ್ಯಾಸಕ್ಕೆ ಬೇರೆ ಹೊತ್ತು ಇಡಬಹುದು.

ಕಷ್ಟದ ಐದು ಮೊದಲು

ಈಗಾಗಲೇ ತುಂಬಿದ ದಿನಕ್ಕೆ ಹೊಸ ಚಟುವಟಿಕೆ ತುರುಕಿದರೆ ಅದೂ ಒಂದು ಟ್ಯೂಷನ್ ಆಗುತ್ತದೆ. ಮೊದಲು ಜಾಗ ಖಾಲಿ ಮಾಡಿ. ಅಭ್ಯಾಸದ ಲೆಕ್ಕಗಳಲ್ಲಿ ಅತಿ ಕಷ್ಟದ ಐದನ್ನು ಮೊದಲೇ ಕೊಡಿ. ನಾಲ್ಕು ಸರಿಯಾದರೆ ಉಳಿದದ್ದು ಮಾಫಿ. ಎರಡು ತಪ್ಪಾದರೆ ಎಲ್ಲರಂತೆ ಪೂರ್ತಿ ಮಾಡಬೇಕು. ಉಳಿದ ಹೊತ್ತು ಮಗುವಿನದು. ಮಾಫಿ ಎಂದು ಹೇಳಿದ ಮೇಲೆ ‘ಹೇಗೂ ಟೈಮಿದೆಯಲ್ಲ, ಇದನ್ನೂ ಮಾಡು’ ಎಂದರೆ ಮುಂದಿನ ವಾರದಿಂದ ಮಗು ಬೇಕೆಂದೇ ನಿಧಾನ ಮಾಡುತ್ತದೆ. ಹಾಗೆಂದು ಮಗ್ಗಿ ಬಿಡಿಸಬೇಡಿ. ಮಗ್ಗಿ ಬಾಯಲ್ಲಿದ್ದರೆ ಮುಂದೆ ಬರುವ ಹುಡುಕಾಟಕ್ಕೆ ತಡೆಯಿರುವುದಿಲ್ಲ.

ತಡವರಿಸುವ ಲೆಕ್ಕ

ಎರಡಂಕಿ, ಮೂರಂಕಿಯ ಕಳೆಯುವಿಕೆ ಬಂದರೆ ಸಾಕು, ಇದನ್ನು ಶುರು ಮಾಡಬಹುದು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ.ಆರ್. ಕಾಪ್ರೇಕರ್ 1949ರಲ್ಲಿ ಕಂಡುಕೊಂಡ ವಿಷಯ. ಎಲ್ಲ ಅಂಕಿಗಳೂ ಒಂದೇ ಅಲ್ಲದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. 3524 ಎಂದಿಟ್ಟುಕೊಂಡರೆ 5432ರಲ್ಲಿ 2345 ಕಳೆದು 3087. ನಂತರ 8730ರಲ್ಲಿ 0378 ಕಳೆದು 8352. ಆಮೇಲೆ 8532ರಲ್ಲಿ 2358 ಕಳೆದು 6174. ಇನ್ನು ಎಷ್ಟು ಸಲ ಕಳೆದರೂ 6174 ಬದಲಾಗುವುದಿಲ್ಲ. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಇದನ್ನು ಮಗುವಿಗೆ ಹೇಳಿಬಿಡಬೇಡಿ. ನಿಯಮ ಮಾತ್ರ ಹೇಳಿ, ನೀವು ಒಂದು ಸಂಖ್ಯೆ ಹಿಡಿಯಿರಿ, ಮಗು ಒಂದು ಹಿಡಿಯಲಿ. ಇಬ್ಬರೂ ಒಂದೇ ಕಡೆ ಬಂದು ನಿಂತಾಗ ಅದರ ಮುಖ ನೋಡಿ. ಅಲ್ಲಿಂದ ಮುಂದೆ ಪ್ರಶ್ನೆ ಅದರದೇ ಆಗಿರಲಿ. ಮೂರಂಕಿಯಲ್ಲಿ ಹೀಗಾಗುತ್ತದೆಯೇ? ಆಗುತ್ತದೆ, 495ಕ್ಕೆ ಬಂದು ನಿಲ್ಲುತ್ತದೆ. ಎರಡಂಕಿಯಲ್ಲಿ? ಅಲ್ಲಿ ನಿಲ್ಲುವುದೇ ಇಲ್ಲ, 9, 81, 63, 27, 45 ಎಂದು ಸುತ್ತುತ್ತಲೇ ಇರುತ್ತದೆ. ಮೂರಂಕಿಯ ಉತ್ತರಗಳನ್ನೆಲ್ಲ ಒಂದರ ಕೆಳಗೊಂದು ಬರೆಸಿದರೆ ನಡುವಿನ ಅಂಕಿ ಯಾವಾಗಲೂ 9 ಎಂಬುದು ಮಗುವಿನ ಕಣ್ಣಿಗೇ ಬೀಳುತ್ತದೆ (99 ಬಂದರೆ 099 ಎಂದು ಬರೆಯಬೇಕು). ಕಾರಣ ನಿಮಗೆ ಗೊತ್ತಿರಲಿ: ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸವನ್ನು 99ರಿಂದ ಗುಣಿಸಿದಾಗ ಬರುವುದೇ ಆ ಉತ್ತರ. 99ರ ಮಗ್ಗಿ ಬರೆದುಕೊಂಡ ಮಗು ಒಂದು ದಿನ ತಾನೇ ಇದನ್ನು ಹಿಡಿಯುತ್ತದೆ. ಒಂದು ವಾರ ತಗುಲಬಹುದು, ಒಂದು ತಿಂಗಳೂ ಆಗಬಹುದು. ಅಷ್ಟು ದಿನ ಬಾಯಿ ಕಟ್ಟಿಕೊಂಡಿರುವುದೇ ನಿಮ್ಮ ಪಾಲಿನ ಕಷ್ಟದ ಕೆಲಸ.

ಅಜ್ಜಿ ಮನೆಯ ಅಟ್ಟದಲ್ಲಿ ಚೆನ್ನೆಮಣೆಯೋ ಅಳಗುಳಿ ಮಣೆಯೋ ಇದ್ದರೆ ಇಳಿಸಿ ತನ್ನಿ. ಇಲ್ಲದಿದ್ದರೆ ಮೊಟ್ಟೆ ಇಡುವ ಟ್ರೇ ಸಾಕು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಹುಣಸೆ ಬೀಜ. ಒಂದೇ ಒಂದು ಹೊಸ ನಿಯಮ ಸೇರಿಸಿ: ಬೀಜ ಎತ್ತುವ ಮೊದಲು ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಹೇಳಬೇಕು. ಹುಲಿ-ಕುರಿ ಆಟದಲ್ಲಿ ಊರಿಂದೂರಿಗೆ ಹುಲಿ, ಕುರಿಗಳ ಲೆಕ್ಕ ಬೇರೆ. ಮೂರು ಹುಲಿಗೆ ಹದಿನೈದು ಕುರಿ ಇಟ್ಟು ಹತ್ತು ಆಟ ಆಡಿ, ಹನ್ನೆರಡು ಕುರಿ ಇಟ್ಟು ಇನ್ನೂ ಹತ್ತು ಆಡಿ, ಯಾರು ಎಷ್ಟು ಸಲ ಗೆದ್ದರೆಂದು ಮಗು ಬರೆದಿಡಲಿ. ಯಾವ ಲೆಕ್ಕದಲ್ಲಿ ಆಟ ಸಮಬಲವಾಗಿರುತ್ತದೆ ಎಂದು ಕೇಳಿ.

ಒಂದು ಕೋಲು, ಒಂದು ವರ್ಷ

ಎಂಟು ವರ್ಷ ದಾಟಿದ ಮಗುವಿಗೆ ನನ್ನ ಮೊದಲ ಆಯ್ಕೆ ಇದು. ತಾರಸಿಯಲ್ಲೋ ಅಂಗಳದಲ್ಲೋ ಒಂದು ಮೀಟರಿನ ನೆಟ್ಟಗಿನ ಕೋಲು ನಿಲ್ಲಿಸಿ. ಬಕೆಟ್ಟಿನಲ್ಲಿ ಮರಳು ತುಂಬಿ ನೆಟ್ಟರೂ ಆದೀತು, ಆದರೆ ಮರಳಿನ ಮೇಲೆ ಕಾಣುವಷ್ಟೇ ಭಾಗ ಒಂದು ಮೀಟರ್ ಇರಬೇಕು, ನೆರಳನ್ನು ಬಕೆಟ್ಟಿನ ಬಾಯಿಯ ಮಟ್ಟದಲ್ಲಿ ಹಲಗೆ ಇಟ್ಟು ಅಳೆಯಬೇಕು. ಕೋಲು ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ. ವಾರಕ್ಕೊಂದು ದಿನ ಹನ್ನೆರಡು ಗಂಟೆಯಿಂದ ಮುಕ್ಕಾಲು ಗಂಟೆ ಕಾಲ, ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡಲಿ. ಅತಿ ಚಿಕ್ಕ ನೆರಳಿನ ಉದ್ದ, ದಿಕ್ಕು, ಹೊತ್ತು ಮೂರನ್ನೂ ಬರೆದಿಡಲಿ.

ಮೊದಲ ಅಚ್ಚರಿ: ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಸುಮಾರು 12 ಗಂಟೆ 18 ನಿಮಿಷ. ಎರಡನೆಯದು: ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆ ಹೊತ್ತಿಗೆ ನೆರಳೇ ಇರುವುದಿಲ್ಲ. ಉತ್ತರಕ್ಕೆ ಹೋದಂತೆ ಮೊದಲ ದಿನ ಮುಂದಕ್ಕೂ ಎರಡನೆಯದು ಹಿಂದಕ್ಕೂ ಸರಿದು ಬೀದರಿನಲ್ಲಿ ಮೇ ಎರಡನೇ ವಾರ ಮತ್ತು ಆಗಸ್ಟ್ ಆರಂಭಕ್ಕೆ ಬರುತ್ತದೆ. ಮೂರನೆಯದು: ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಬೆಂಗಳೂರಿನಲ್ಲಿ ಸುಮಾರು 18 ಸೆಂಟಿಮೀಟರ್ ದಕ್ಷಿಣಕ್ಕೆ, ಡಿಸೆಂಬರ್ 21ರಂದು 74 ಸೆಂಟಿಮೀಟರ್ ಉತ್ತರಕ್ಕೆ. ಮುಂಗಾರಿನ ಮೋಡ ಕೆಲವು ವಾರಗಳನ್ನು ನುಂಗಿಹಾಕುತ್ತದೆ. ಆ ಜಾಗ ಖಾಲಿ ಬಿಡಲಿ, ಊಹಿಸಿ ತುಂಬಬಾರದು.

ನೆಂಟರು ಯಾರಾದರೂ ಬೀದರಿನಲ್ಲಿದ್ದರೆ ಈ ಕೆಲಸಕ್ಕೆ ಇನ್ನೊಂದು ಎತ್ತರ ಸಿಗುತ್ತದೆ. ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಡಿಸೆಂಬರಿನ ಒಂದು ಭಾನುವಾರ ಎರಡೂ ಕಡೆ ಒಂದೇ ಅಳತೆಯ ಕೋಲಿನ ಅತಿ ಚಿಕ್ಕ ನೆರಳನ್ನು ಅಳೆದು ಫೋನಿನಲ್ಲಿ ಹಂಚಿಕೊಳ್ಳಿ. ಕೋಲು ಮತ್ತು ನೆರಳನ್ನು ಗ್ರಾಫ್ ಹಾಳೆಯಲ್ಲಿ ಚಿಕ್ಕದಾಗಿ ಬರೆದು, ತುದಿಗಳನ್ನು ಸೇರಿಸಿ, ಕೋಲಿನ ತುದಿಯಲ್ಲಿ ಆಗುವ ಕೋನವನ್ನು ಕೋನಮಾಪಕದಿಂದ ಅಳೆಯಲಿ. ತಿಂಗಳ ಮೂರನೇ ವಾರವಾದರೆ ಬೆಂಗಳೂರಿನಲ್ಲಿ 36 ಡಿಗ್ರಿಗಿಂತ ತುಸು ಹೆಚ್ಚು, ಬೀದರಿನಲ್ಲಿ 41ರ ಮೇಲೆ. ವ್ಯತ್ಯಾಸ ಸುಮಾರು 5. ಪೂರ್ತಿ ವೃತ್ತದ 360 ಡಿಗ್ರಿಯಲ್ಲಿ ಐದು ಎಪ್ಪತ್ತೆರಡು ಸಲ ಸೇರುತ್ತದೆ. ಎರಡು ಊರುಗಳ ನಡುವಿನ ನೇರ ದೂರ, ರಸ್ತೆಯದಲ್ಲ, ನಕ್ಷೆಯಲ್ಲಿ ಅಳೆದದ್ದು, ಸುಮಾರು 550 ಕಿಲೋಮೀಟರ್. ಎಪ್ಪತ್ತೆರಡರಿಂದ ಗುಣಿಸಿದರೆ 39,600. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ಥನೀಸ್ ಈಜಿಪ್ಟಿನಲ್ಲಿ ಹಿಡಿದ ದಾರಿ ಇದೇ. ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೂ ಉತ್ತರ ಸಾವಿರಾರು ಕಿಲೋಮೀಟರ್ ಆಚೀಚೆ ಹೋಗುತ್ತದೆ. ಆಗ ‘ತಪ್ಪಾಯಿತು’ ಎಂದು ಮುಚ್ಚಿಡದೆ, ತಪ್ಪು ಎಲ್ಲಿಂದ ನುಸುಳಿತು ಎಂದು ಹುಡುಕಲು ಕೂರಿ. ಅಣ್ಣತಮ್ಮಂದಿರು ಇಂಗ್ಲೆಂಡಿನಲ್ಲಿದ್ದರೆ ಅವರ ನೆರಳೂ ತರಿಸಿಕೊಳ್ಳಿ. ಅಲ್ಲಿ ವರ್ಷದ ಯಾವ ದಿನವೂ ನೆರಳು ಮಾಯವಾಗುವುದಿಲ್ಲ, ಏಕೆಂದು ಕೇಳಿ.

ಓದಿಗೆ ಮಿತಿ ಹಾಕಬೇಡಿ

ವಯಸ್ಸಿನ ಪಟ್ಟಿ ನೋಡಿ ಪುಸ್ತಕ ಆರಿಸುವುದನ್ನು ಬಿಡಿ. ಶಿವರಾಮ ಕಾರಂತರ ‘ಬಾಲಪ್ರಪಂಚ’, ನಿರಂಜನ ಅವರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಗ್ರಂಥಾಲಯದಲ್ಲಿ ಸಿಕ್ಕರೆ ಮಗು ತಾನೇ ಹಾಳೆ ತಿರುವಲಿ. ಅಂಕಿಅಂಶ ಹಳೆಯದಾಗಿದ್ದರೆ ಈಗ ಎಷ್ಟಾಗಿದೆ ಎಂದು ಹುಡುಕುವುದೂ ಕೆಲಸವೇ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಯಲ್ಲಿದ್ದರೆ ಹಿತ್ತಲಿನ ಹಕ್ಕಿಗಳಿಗೆ ಹೆಸರು ಬರುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನೂ ನೋಡಿ.

ತನ್ನದೇ ಒಂದು ಕೆಲಸ

ಇಂಥ ಮಕ್ಕಳ ಕಲಿಕೆಗೆ ರೆಂಜುಲಿ ರೂಪಿಸಿದ ಮಾದರಿಯಲ್ಲಿ ಕೊನೆಯ ಘಟ್ಟ ಇದು: ಮಗು ತನಗೆ ಬೇಕಾದ ನಿಜವಾದ ಪ್ರಶ್ನೆಯೊಂದನ್ನು ಹಿಡಿದು, ನಿಜವಾದ ಓದುಗರಿಗೋ ನೋಡುಗರಿಗೋ ಏನಾದರೂ ತಯಾರಿಸುವುದು. ಎರಡು ವಾರ ಬರೆದಿಟ್ಟ ನೋಟ್‌ಬುಕ್ ಈಗ ತೆಗೆಯಿರಿ. ಹಳೆಯ ಕತೆ, ರಾಜರು, ಲಿಪಿ ಎಂದರೆ ಕಣ್ಣರಳಿಸುವ ಮಗುವಾದರೆ ಊರಿನ ವೀರಗಲ್ಲು, ಶಾಸನಗಳಿಂದ ಶುರು ಮಾಡಿ. ಬೆಂಗಳೂರಿನ ಬೇಗೂರಿನಲ್ಲಿ ಕ್ರಿ.ಶ. 900ರ ಸುಮಾರಿನ ಶಾಸನವೊಂದು ಬೆಂಗಳೂರ ಕಾಳಗವನ್ನು ಹೇಳುತ್ತದೆ. ನಿಮ್ಮೂರಿನ ಕಲ್ಲೂ ಏನಾದರೂ ಹೇಳೀತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆ ಮೈಸೂರು, ಕೊಡಗು ಭಾಗದ ಶಾಸನಗಳು ತಾಲ್ಲೂಕುವಾರು ಇವೆ. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ, ಪುಡಿ ಹಚ್ಚಬೇಡಿ. ಮುಸ್ಸಂಜೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಅಳತೆ, ಚಿತ್ರ, ಹಿರಿಯರು ಹೇಳಿದ ಕತೆ ಸೇರಿಸಿ ಎಂಟು ಪುಟದ ಕಿರುಪುಸ್ತಕ ಮಾಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಲಿ. ಹಕ್ಕಿ ಇಷ್ಟಪಡುವ ಮಗು ಫೆಬ್ರುವರಿಯ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ಗೆ ಪಟ್ಟಿ ಕಳಿಸಬಹುದು. ಒಂದೆಡೆ ಹದಿನೈದು ನಿಮಿಷ ಎಣಿಸಿದರೆ ಸಾಕು.

ಅರ್ಧಕ್ಕೆ ಬಿಟ್ಟರೆ? ಒಮ್ಮೆ ಕಾರಣ ಕೇಳಿ. ಆಸಕ್ತಿಯೇ ಬತ್ತಿದ್ದರೆ ಬಿಡಲಿ. ಚೆನ್ನಾಗಿ ಬರಲಿಲ್ಲವೆಂಬ ಸಂಕೋಚಕ್ಕೆ ಬಿಟ್ಟಿದ್ದರೆ ಒಂದು ಚಿಕ್ಕ ಭಾಗವನ್ನಾದರೂ ಮುಗಿಸಲು ಜೊತೆಯಲ್ಲಿ ಕೂರಿ. ಜಾಣರೆನಿಸಿಕೊಂಡ ಮಕ್ಕಳಲ್ಲಿ ಈ ಎರಡನೆಯ ಕಾರಣ ತುಂಬ ಸಾಮಾನ್ಯ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣತನಕ್ಕಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಸೋಲಿನ ನಂತರ ಬೇಗ ಕೈಚೆಲ್ಲಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಕಷ್ಟದ ಪ್ರಶ್ನೆಗಳನ್ನೇ ಆರಿಸಿಕೊಂಡರು. ‘ನಮ್ಮ ಪುಟ್ಟ ಎಷ್ಟು ಜಾಣ’ ಎಂದು ನೆಂಟರೆದುರು ಹೇಳುವ ಬದಲು ‘ಮೊದಲ ದಾರಿ ಸರಿಹೋಗಲಿಲ್ಲ ಅಂತ ಇನ್ನೊಂದು ಹುಡುಕಿದೆಯಲ್ಲ’ ಎಂದು ಮಗುವಿಗೇ ಹೇಳಿ.

ಹೊರಗಿನ ನೆರವು

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಮಂಗಳೂರಿನ ಪಿಲಿಕುಳ ವಿಜ್ಞಾನ ಕೇಂದ್ರಗಳಿಗೆ ಮಗುವನ್ನು ಕರೆದೊಯ್ಯುವಾಗ ಒಂದೇ ಪ್ರಶ್ನೆ ಹೊತ್ತು ಹೋಗಿ, ಒಂದೇ ವಿಭಾಗದಲ್ಲಿ ಅರ್ಧ ದಿನ ಕಳೆಯಿರಿ. ಪೂರ್ತಿ ಮನೆಯಲ್ಲೇ ಕಲಿಯುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ.

ನಿಮಗೆ ತಿಳಿಯದ ವಿಷಯಕ್ಕೆ ಮಗು ಕೈ ಹಾಕಿದಾಗ ತಿಳಿದವರನ್ನು ಹುಡುಕಿ. ನಿವೃತ್ತ ಮೇಷ್ಟ್ರು, ಗಿಡಮರ ಬಲ್ಲ ರೈತ, ರೇಡಿಯೊ ರಿಪೇರಿಯವರು, ಯಕ್ಷಗಾನದ ವೇಷಭೂಷಣ ಮಾಡುವವರು, ಯಾರೂ ಆಗಬಹುದು. ಕ್ಲಾಸ್ ತೆಗೆದುಕೊಳ್ಳಿ ಎನ್ನಬೇಡಿ. ‘ತಿಂಗಳಿಗೊಮ್ಮೆ ಅರ್ಧ ಗಂಟೆ ಇವಳ ಪ್ರಶ್ನೆ ಕೇಳುತ್ತೀರಾ’ ಎಂದಷ್ಟೇ ಕೇಳಿ. ಹೋಗುವ ಮುನ್ನ ಮಗು ಮೂರು ಪ್ರಶ್ನೆ ಬರೆದುಕೊಂಡಿರಲಿ. ದೊಡ್ಡವರೊಬ್ಬರು ಜೊತೆಯಲ್ಲಿರಬೇಕು, ಆದರೆ ಸ್ವಲ್ಪ ದೂರದಲ್ಲಿ. ಮಗು ತಡವರಿಸಿದರೂ ಅದರ ಪರವಾಗಿ ಪ್ರಶ್ನೆ ಕೇಳಲು ಹೋಗಬೇಡಿ.