ಥಂಡಿಗೆ ಗುಳಿಗೆ ಕೇಳುವ ಮುಂಚೆ

ಮಳೆ ಹಿಡಿಯಿತೆಂದರೆ ಅಂಕೋಲೆ ಪೇಟೆಯ ಔಷಧ ಅಂಗಡಿಗಳಲ್ಲಿ ದಿನವಿಡೀ ಒಂದೇ ಬೇಡಿಕೆ: ‘ಥಂಡಿ, ಕೆಮ್ಮಿಗೆ ಎರಡು ದಿನದ್ದು ಗುಳಿಗೆ ಕೊಡಿ.’ ಬೊಬ್ರುವಾಡದಿಂದ ಬಂದ ಅಜ್ಜಿಗೂ, ಕೇಣಿಯಲ್ಲಿ ದೋಣಿಗೆ ಹೋಗುವವರಿಗೂ, ಅರಬೈಲ್ ಘಟ್ಟ ಹತ್ತಲಿರುವ ಲಾರಿ ಚಾಲಕನಿಗೂ ಹೆಚ್ಚುಕಡಿಮೆ ಅದೇ ಗುಳಿಗೆ. ಅಜ್ಜಿಗೆ ಬಿ.ಪಿ. ಇದೆ, ಚಾಲಕ ರಾತ್ರಿ ಕಣ್ಣು ಮುಚ್ಚುವಂತಿಲ್ಲ. ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ.

ವೈದ್ಯರ ಚೀಟಿ ಇಲ್ಲದೆ ಮಾರಬಹುದಾದ ಔಷಧಗಳು ಇಂಥವು ಎಂಬ ಪ್ರತ್ಯೇಕ ಪಟ್ಟಿ ನಮ್ಮ ಕಾನೂನಿನಲ್ಲಿ ಇಲ್ಲ. 1945ರ ಔಷಧ ನಿಯಮಗಳು ಹೇಳುವುದು ಯಾವುದಕ್ಕೆ ಚೀಟಿ ಕಡ್ಡಾಯ ಎಂಬುದನ್ನು ಮಾತ್ರ. ಆದ್ದರಿಂದ ‘ಚೀಟಿ ಇಲ್ಲದೆ ಕೊಟ್ಟರು, ಹಾಗಾಗಿ ನಿರಪಾಯ’ ಎಂಬ ಲೆಕ್ಕ ಇಲ್ಲಿ ಕೂಡುವುದಿಲ್ಲ. ಆರಿಸುವ ಕೆಲಸದ ಒಂದು ಪಾಲು ಕೊಳ್ಳುವವರ ಮೇಲೇ ಬೀಳುತ್ತದೆ.

ಇದು ಬರೀ ಥಂಡಿಯೇ?

ಮೂಗು ಸೋರುವುದು, ಸೀನು, ಗಂಟಲು ಕೆರೆತ, ಸಣ್ಣ ಮೈಬಿಸಿ ಇದ್ದರೆ ಬಹುತೇಕ ವೈರಸ್ಸಿನ ಥಂಡಿ. ಏಳರಿಂದ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕೆಮ್ಮು ಮಾತ್ರ ಇನ್ನೂ ಒಂದೆರಡು ವಾರ ಎಳೆಯಬಹುದು. ಯಾವ ಗುಳಿಗೆಯೂ ಈ ದಿನಗಳನ್ನು ಕಡಿಮೆ ಮಾಡುವುದಿಲ್ಲ, ಉಪದ್ರವ ತಗ್ಗಿಸುತ್ತದೆ ಅಷ್ಟೆ. ಅಜಿತ್ರೋಮೈಸಿನ್, ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್‌ಗಳು ವೈರಸ್ಸಿಗೆ ತಾಗುವುದೇ ಇಲ್ಲ. ‘ಮೂರು ದಿನದ ಕೋರ್ಸ್ ಕೊಡಿ’ ಎಂದು ಕೇಳಿ ಪಡೆಯುವುದು ದುಡ್ಡಿಗೂ ದೇಹಕ್ಕೂ ನಷ್ಟ.

ಆದರೆ ನಮ್ಮ ಜಿಲ್ಲೆಯಲ್ಲಿ ಜ್ವರ ಎಂದರೆ ತುಸು ಯೋಚಿಸಬೇಕು. ಮೂಗು ಸೋರದೆ ಒಮ್ಮೆಲೇ ಜ್ವರ ಏರಿ, ಮೈಕೈ ಮುರಿದಂತಾಗಿ, ಕಣ್ಣು ಕೆಂಪಾದರೆ ಅದು ಥಂಡಿಯಲ್ಲ ಎಂದೇ ಹಿಡಿಯಿರಿ. ಗದ್ದೆಯ ಕೆಸರಲ್ಲಿ ನಿಂತು ಕೆಲಸ ಮಾಡಿದವರಿಗೆ ಇಲಿಜ್ವರ ಇರಬಹುದು, ಡಿಸೆಂಬರಿನಿಂದ ಮೇ ತನಕ ಕಾಡಿಗೆ ಸೊಪ್ಪು ಕಟ್ಟಿಗೆಗೆ ಹೋಗಿಬಂದವರಿಗೆ ಮಂಗನ ಕಾಯಿಲೆ ಇರಬಹುದು, ಡೆಂಗಿಯಂತೂ ಯಾರಿಗೂ ಬರಬಹುದು. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಎರಡು ವಾರ ದಾಟಿದ ಕೆಮ್ಮು ಥಂಡಿಯದೇ ಇರಬಹುದು, ಆದರೂ ಇನ್ನೊಂದು ಬಾಟಲಿ ಸಿರಪ್ ಕೊಳ್ಳುವ ಬದಲು ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಸ್ಟ್ರಿಪ್‌ನ ಹಿಂಬದಿ

ಎರಡೋ ಮೂರೋ ಗುಳಿಗೆ ಸಾಕೆಂದಾಗ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಎಷ್ಟೋ ಸಲ ಉಳಿದ ತುಂಡಿನಲ್ಲೇ ಇರುತ್ತವೆ. ಕತ್ತರಿಸುವ ಮೊದಲು ಇಡೀ ಸ್ಟ್ರಿಪ್‌ನ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಬಿಲ್ ಕೇಳಿ. ಸಂಕೋಚವೇನೂ ಬೇಡ. ಲೇಬಲ್ಲಿನ ಎಡಕ್ಕೆ ಉದ್ದ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವಂಥದ್ದಲ್ಲ.

ಇನ್ನು ಸಣ್ಣಕ್ಷರದ ಸಾಲು ಓದಿ. ದೊಡ್ಡಕ್ಷರದ ಹೆಸರು ಎಷ್ಟೋ ಸಲ ಕಂಪನಿ ಇಟ್ಟದ್ದು, ಮದ್ದಿನ ನಿಜವಾದ ಹೆಸರು ಅದರ ಹತ್ತಿರದಲ್ಲೇ ಇರುತ್ತದೆ. ‘ಥಂಡಿ ಗುಳಿಗೆ’ ಎನ್ನುವುದರಲ್ಲಿ ಸಾಮಾನ್ಯವಾಗಿ ಮೂರು ಮದ್ದು ಬೆರೆತಿರುತ್ತವೆ.

ಒಂದು, ಪ್ಯಾರಾಸಿಟಮಾಲ್. ಜ್ವರ ನೋವಿಗೆ ಒಳ್ಳೆಯದೇ, ತೊಡಕಿರುವುದು ಲೆಕ್ಕದಲ್ಲಿ. ಥಂಡಿ ಗುಳಿಗೆ ನುಂಗಿ, ಜ್ವರ ಇಳಿಯಲಿಲ್ಲವೆಂದು ಮೇಲೊಂದು ಡೋಲೋ 650 ನುಂಗಿದರೆ ಒಂದೇ ಮದ್ದು ಎರಡು ಸಲ ಹೊಟ್ಟೆಗೆ ಹೋಯಿತು. ದೊಡ್ಡವರಿಗೆ 24 ತಾಸಿಗೆ 4 ಗ್ರಾಂ ಕೊನೆಯ ಮಿತಿ; ದಿನಾ ಕುಡಿಯುವವರು, ಯಕೃತ್ತಿನ ತೊಂದರೆ ಇದ್ದವರು, ತೀರ ಬಡಕಲಾದವರು ಅಷ್ಟರ ಹತ್ತಿರವೂ ಹೋಗಬಾರದು.

ಎರಡು, ಕ್ಲೋರ್‌ಫೆನಿರಮಿನ್. ಮೂಗು ಸೋರುವುದನ್ನು ಒಣಗಿಸುತ್ತದೆ, ಜೊತೆಗೆ ನಿದ್ದೆಯನ್ನೂ ತರುತ್ತದೆ. ಘಟ್ಟದಲ್ಲಿ ಗಾಡಿ ಹೊಡೆಯುವವರಿಗೂ ನಸುಕಿನಲ್ಲಿ ಕಡಲಿಗಿಳಿಯುವವರಿಗೂ ಇದು ಸಲ್ಲದು. ಪ್ರಾಸ್ಟೇಟ್ ತೊಂದರೆ ಇರುವ ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿಸಬಹುದು.

ಮೂರು, ಮೂಗು ಬಿಡಿಸಲೆಂದು ಹಾಕುವ ಫಿನೈಲ್ಎಫ್ರಿನ್. ಬಾಯಿಂದ ತೆಗೆದುಕೊಂಡರೆ ಇದು ಮೂಗು ಬಿಡಿಸುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಪ್ರಯೋಜನ ಅಷ್ಟರಲ್ಲೇ ಇದೆ, ಬಿ.ಪಿ. ಏರುವ ಭಯ ಮಾತ್ರ ಉಳಿಯಿತು. ಬಿ.ಪಿ., ಹೃದಯದ ತೊಂದರೆ ಇದ್ದವರು ಇದಿರುವ ಗುಳಿಗೆಯನ್ನು ಅಲ್ಲೇ ವಾಪಸ್ ಕೊಡಿ.

ಹಾಗಾದರೆ ಏನು ಕೇಳಬೇಕು? ಉಪದ್ರವ ಯಾವುದೋ ಅದೊಂದಕ್ಕೆ, ಒಂದೇ ಮದ್ದಿರುವುದನ್ನು. ಮೈಕೈ ನೋವಿಗೆ ಬರೀ ಪ್ಯಾರಾಸಿಟಮಾಲ್. ಮೂಗು ಕಟ್ಟಿದರೆ ಮೊದಲು ಸಲೈನ್ ಹನಿ, ಅಂದರೆ ಶುದ್ಧ ಉಪ್ಪುನೀರು; ಹಸುಗೂಸಿಗೂ ಆಗುತ್ತದೆ. ಕ್ಸೈಲೋಮೆಟಜೊಲಿನ್ ಹನಿ ಕ್ಷಣದಲ್ಲಿ ಮೂಗು ಬಿಡಿಸುತ್ತದೆ ನಿಜ, ಆದರೆ ಮೂರರಿಂದ ಐದು ದಿನ ದಾಟಿದರೆ ಹನಿ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಅದಿಲ್ಲದೆ ನಿದ್ದೆಯೇ ಬಾರದು ಎಂದು ವರ್ಷಗಟ್ಟಲೆ ಬಾಟಲಿ ಕಿಸೆಯಲ್ಲಿಟ್ಟುಕೊಂಡು ಓಡಾಡುವವರಿದ್ದಾರೆ.

ಕೆಮ್ಮಿನ ಸಿರಪ್ಪಿನದು ಬೇರೆಯೇ ಕಥೆ. ಒಣಕೆಮ್ಮನ್ನು ತಡೆಯಲು ಡೆಕ್ಸ್ಟ್ರೊಮೆಥಾರ್ಫನ್. ಕಫ ತೆಳುವಾಗಿಸಲು ಆಂಬ್ರೊಕ್ಸಾಲ್, ಬ್ರೊಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್. ಕಫ ಸಡಿಲಿಸುವುದನ್ನೂ ಕೆಮ್ಮು ಅದುಮುವುದನ್ನೂ ಒಂದೇ ಬಾಟಲಿಗೆ ತುಂಬಿದ್ದನ್ನು ಕಂಡರೆ ಬಿಟ್ಟುಬಿಡಿ. ಸಡಿಲಾದ ಕಫ ಕೆಮ್ಮದೆ ಹೊರಬರುವುದಾದರೂ ಹೇಗೆ? ಮಾನಸಿಕ ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಡೆಕ್ಸ್ಟ್ರೊಮೆಥಾರ್ಫನ್ನನ್ನು ವೈದ್ಯರಿಗೆ ಕೇಳದೆ ಮುಟ್ಟಬಾರದು. ಸಕ್ಕರೆ ಕಾಯಿಲೆಯವರು ಸಕ್ಕರೆ ಇಲ್ಲದ ಸಿರಪ್ ಕೇಳಬೇಕು.

ಅಂದಹಾಗೆ ಬ್ರೊಮ್‌ಹೆಕ್ಸಿನ್ ಹುಟ್ಟಿದ್ದು ನಮ್ಮ ಬೇಲಿಯಂಚಿನ ಆಡುಸೋಗೆಯ ಸತ್ವವನ್ನು ಮಾದರಿಯಾಗಿಟ್ಟುಕೊಂಡು; ಆಂಬ್ರೊಕ್ಸಾಲ್ ಅದರದೇ ಮುಂದಿನ ರೂಪ. ಹಾಗೆಂದು ಬಸುರಿಯರಿಗೆ ಆಡುಸೋಗೆ ಕಷಾಯ ಕೊಡಬೇಡಿ, ಅದು ಗರ್ಭಕೋಶವನ್ನು ಹಿಂಡುತ್ತದೆ.

ಮಕ್ಕಳಿಗೆ ಕೊಳ್ಳದಿರುವುದೇ ಮೇಲು

2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಕುಡಿದಿದ್ದು ತಮಿಳುನಾಡಿನ ಕಾಂಚೀಪುರದಲ್ಲಿ ತಯಾರಾದ ಕೋಲ್ಡ್‌ರಿಫ್ ಎಂಬ ಥಂಡಿಯ ಸಿರಪ್. ತಮಿಳುನಾಡಿನ ಪ್ರಯೋಗಾಲಯ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ವಿಷವನ್ನು ಶೇ 48.6ರಷ್ಟು ಕಂಡಿತು, ಇರಬಹುದಾದ ಗರಿಷ್ಠ ಅಂಶ ಶೇ 0.1. ಸಿರಪ್ಪಿಗೆ ಬಳಸುವ ದ್ರಾವಕದ ಜೊತೆ ಈ ವಿಷ ಸೇರಿಕೊಳ್ಳುವುದು ಹೊಸತೂ ಅಲ್ಲ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನಲ್ಲೂ ಭಾರತದಲ್ಲಿ ತಯಾರಾದ ಸಿರಪ್ಪುಗಳ ಹೆಸರು ಬಂದಿತ್ತು.

ಇಂಥ ವಿಷವನ್ನು ಲೇಬಲ್ ಓದಿ ಹಿಡಿಯಲಾಗದು. ಹಾಗಾಗಿ ಕೇಳಬೇಕಾದ ಪ್ರಶ್ನೆ, ಮಗುವಿಗೆ ಸಿರಪ್ ಬೇಕಿತ್ತೇ ಎಂಬುದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಥಂಡಿಯ ಔಷಧ ಕೊಡಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಹೇಳಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್ಎಫ್ರಿನ್ ಬೆರೆಸಿದ ಹನಿಗಳನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂಬ ಸೂಚನೆ 2023ರಲ್ಲೇ ಬಂದಿತ್ತು.

ಬದಲಿಗೆ ಏನು? ಸಲೈನ್ ಹನಿ, ಪದೇ ಪದೇ ಎದೆಹಾಲು, ಬಿಸಿನೀರು, ಗಂಜಿತಿಳಿ. ವರ್ಷ ತುಂಬಿದ ಮಗುವಿಗೆ ಮಲಗುವಾಗ ಅರ್ಧದಿಂದ ಒಂದು ಚಮಚ ಜೇನು. ವರ್ಷದೊಳಗೆ ಜೇನು ನೆಕ್ಕಿಸಲೇಬಾರದು, ಅಜ್ಜಿ ಎಷ್ಟೇ ಹೇಳಲಿ. ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಎರಡು ವರ್ಷದೊಳಗೆ ಕರ್ಪೂರ, ವಿಕ್ಸ್ ಬೇಡ. ಕುದಿಯುವ ನೀರಿನ ಪಾತ್ರೆಯೆದುರು ಮಗುವನ್ನು ಕೂರಿಸಿ ಹಬೆ ಕೊಡುವುದೂ ಬೇಡ, ಪಾತ್ರೆ ಮಗುಚಿ ಮೈ ಸುಟ್ಟೀತು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಾದರೆ ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಅಳೆಯುವುದು ಬಾಟಲಿಯ ಜೊತೆಗಿನ ಮುಚ್ಚಳದಲ್ಲೇ ಆಗಬೇಕು, ಅಡುಗೆಮನೆಯ ಚಮಚದಲ್ಲಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಗಿನೆಮದ್ದು ಏನೂ ಬೇಡ, ಸೀದಾ ಆಸ್ಪತ್ರೆ.

ಮಗು ಶಾಂತವಾಗಿದ್ದಾಗ ಒಂದು ನಿಮಿಷ ಪೂರ್ತಿ ಅದರ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಜಗ್ಗುವುದು, ಹಾಲು ಬಿಡುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಸೀನು ನಿಲ್ಲದಿದ್ದರೆ

ಜ್ವರವಿಲ್ಲದೆ ಬೆಳಗ್ಗೆ ಎದ್ದಕೂಡಲೇ ಸಾಲು ಸೀನು, ಕಣ್ಣು ಮೂಗಿನ ತುರಿಕೆ, ನೀರಿನಂಥ ಸಿಂಬಳ ಇದ್ದರೆ ಅಲರ್ಜಿ. ಕರಾವಳಿಯ ಮಳೆಗಾಲದಲ್ಲಿ ಗೋಡೆಗೂ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಹಾಸಿಗೆಯ ಧೂಳುಹುಳ ಬೆಳೆಯುತ್ತದೆ. ಮಳೆ ಬಿಟ್ಟ ಮೇಲೆ ಭತ್ತದ ಹುಲ್ಲಿನ ದೂಳು. ಬಿಸಿಲು ಬಿದ್ದ ದಿನ ಹಾಸಿಗೆ ಒಣಹಾಕುವುದು, ಹುಲ್ಲು ಬಡಿಯುವಾಗ ಮೂಗಿಗೆ ಬಟ್ಟೆ ಕಟ್ಟುವುದು ಗುಳಿಗೆಗಿಂತ ಮೊದಲಿನ ಉಪಾಯ.

ಗುಳಿಗೆ ಬೇಕಾದರೆ ಲೊರಾಟಡಿನ್, ಫೆಕ್ಸೊಫೆನಡಿನ್ ನಿದ್ದೆ ತರುವುದು ಕಡಿಮೆ. ಸೆಟಿರಿಜಿನ್ ಕೆಲವರಿಗೆ ಮಂಪರು ತರುತ್ತದೆ, ರಾತ್ರಿ ತೆಗೆದುಕೊಳ್ಳುವುದು ಮೇಲು. ಫೆಕ್ಸೊಫೆನಡಿನ್ ಅನ್ನು ನೀರಿನ ಜೊತೆಗೇ ನುಂಗಿ, ಹಣ್ಣಿನ ರಸದ ಜೊತೆ ಅದು ಮೈಗೆ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಲೀಸಾಗಿ ಕೈಗಿಡುವ ಮಾಂಟೆಲುಕಾಸ್ಟ್ ಬೆರೆತ ಗುಳಿಗೆ ಚೀಟಿ ಬೇಕಾದ ಔಷಧ. ಕೆಲವರಲ್ಲಿ ನಿದ್ದೆ ಕೆಡಿಸುತ್ತದೆ, ಮನಸ್ಸು ಕದಡುತ್ತದೆ; ಅಮೆರಿಕ 2020ರಲ್ಲಿ ಅದಕ್ಕೆ ತೀವ್ರ ಎಚ್ಚರಿಕೆ ಹಾಕಿತು. ಒಂದೇ ದಿನಕ್ಕೆ ಸೀನು, ತುರಿಕೆ, ಮಂಡಿನೋವು ಎಲ್ಲ ಮಾಯವಾದರೆ ಪೊಟ್ಟಣದಲ್ಲಿ ಸ್ಟೆರಾಯ್ಡ್ ಸೇರಿದೆಯೇ ಎಂದು ಸಂಶಯಪಡಿ. ತಿಂಗಳುಗಟ್ಟಲೆ ಕಾಡುವ ಮೂಗಿಗೆ ವೈದ್ಯರು ಬರೆಯುವ ಸ್ಪ್ರೇ ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಗುಣ ಪೂರ್ತಿ ತಿಳಿಯಲು ಒಂದೆರಡು ವಾರ ಬೇಕು.

ಶುಂಠಿ, ಕಾಳುಮೆಣಸಿನ ಕಷಾಯ, ಉಪ್ಪುನೀರಿನ ಮುಕ್ಕಳಿಕೆ ಗಂಟಲಿಗೆ ಹಿತ, ಕುಡಿಯಿರಿ. ಜ್ಯೇಷ್ಠಮಧುವನ್ನು ದಿನಾ ಜಗಿದರೆ ಬಿ.ಪಿ. ಏರುತ್ತದೆ, ಅರಿಷ್ಟ-ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿದೆ. ಇಷ್ಟು ತಿಳಿದಿರಲಿ.

ಮದ್ದು ತಿಂದು ಮೈಮೇಲೆ ದದ್ದು ಎದ್ದರೆ ಅಥವಾ ಬೇರೇನಾದರೂ ಆದರೆ ಸ್ಟ್ರಿಪ್‌ನ ಆ ಫೋಟೋ ವೈದ್ಯರಿಗೆ ತೋರಿಸಿ. ಔಷಧದ ದುಷ್ಪರಿಣಾಮ ವರದಿ ಮಾಡಲು ಕೇಂದ್ರ ಸರಕಾರದ ಉಚಿತ ಸಂಖ್ಯೆ 1800-180-3024. ಬ್ಯಾಚ್ ಸಂಖ್ಯೆ ಕೇಳಿದರೆ ಅದೂ ಆ ಫೋಟೋದಲ್ಲೇ ಸಿಗುತ್ತದೆ. ಕಳೆದ ಮಳೆಗಾಲದ ಅರ್ಧ ಬಾಟಲಿ ಕಪಾಟಿನಲ್ಲಿದ್ದರೆ ಇವತ್ತೇ ಚೆಲ್ಲಿಬಿಡಿ.